ಕಿತ್ತೂರಿನ ಖಜಾನೆ, ಕಾಕಾನ ಲಿವರ್

ನಮ್ಮ ಕಾಕಾ ತೀರಿಕೊಂಡಾಗ ನಾನು ಬಿಇ ಆರನೇ ಸೆಮಿಸ್ಟರ್‌ನಲ್ಲಿದ್ದೆ. ಬೈಲಹೊಂಗಲ ತಾಲೂಕಿನ ನಮ್ಮೂರಿಗೆ ರಾತ್ರಿ ಬಸ್ಸಿಗೆ ಬಂದು, ಮಣ್ಣು ಮುಗಿಸಿ, ಮನೆ ಮುಂದಿನ ಕಟ್ಟೆ ಮೇಲೆ ಕೂತಿದ್ದೆ. ಪಕ್ಕದಲ್ಲೇ ಇಬ್ಬರು ಹಿರಿಯರು ಎಲೆ ಅಡಿಕೆ ಹಾಕಿಕೊಳ್ತಾ ಮಾತಾಡ್ತಿದ್ದರು.

"ಲಿವರ್ ಹೋಗಿತ್ತಂತ."

"ಲಿವರ್ ಸುಮ್ ಸುಮ್ನ ಹೋಗತೈತೇನು? ಕುಡೀತಿದ್ದ ಕಾಣ್ತದ, ಯಾರಿಗೂ ಗೊತ್ತಾಗದಂಗ."

ಬಾಗಿಲ ಹಿಂದೆ ಚಿಗವ್ವ ನಿಂತಿದ್ದಳು. ಕೇಳಿಸಿಕೊಂಡಳು ಅಂತ ನನಗೆ ಗೊತ್ತಾಯ್ತು. ನಾನೂ ಕೇಳಿಸಿಕೊಂಡೆ ಅಂತ ಅವಳಿಗೂ ಗೊತ್ತಾಯ್ತು. ಇಬ್ಬರೂ ಏನೂ ಅನ್ನಲಿಲ್ಲ.

ಕಾಕಾ ಕುಡಿಯುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಗೆ ಇಬತ್ತಿ, ಅಬ್ಬಬ್ಬಾ ಅಂದ್ರೆ ಬೈಲಹೊಂಗಲ ಸಂತೆಗೆ ಹೋದಾಗ ಎರಡು ಕಪ್ ಚಹಾ. ಮೊದಲು ಕಣ್ಣು ಹಳದಿ ಆಯ್ತು. ಕಾಮಣಿ ಅಂದರು, ಸೊಪ್ಪಿನ ಔಷಧ ಕುಡಿಸಿದರು. ಹೊಟ್ಟೆ ಉಬ್ಬಿದ ಮೇಲೆ ಬೆಳಗಾವಿಗೆ ಒಯ್ದರು. ಅಷ್ಟೊತ್ತಿಗೆ ಲಿವರಿನ ಗಡ್ಡೆ ಕೈ ಮೀರಿತ್ತು. ಆಸ್ಪತ್ರೆಯ ಫೈಲಿನಲ್ಲಿ 'ಹೆಪಟೋಸೆಲ್ಯುಲರ್ ಕಾರ್ಸಿನೋಮ' ಅಂತ ಒಂದು ಸಾಲು, ಅದರ ಕೆಳಗೆ 'ಎಚ್‌ಬಿಎಸ್‌ಎಜಿ: ಪಾಸಿಟಿವ್' ಅಂತ ಇನ್ನೊಂದು ಸಾಲು ಇತ್ತು. ಎರಡನೇ ಸಾಲನ್ನ ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ, ಇಂಜಿನಿಯರಿಂಗ್ ಓದ್ತಿದ್ದ ನಾನೂ. ಊರವರು ತಮಗೆ ಬೇಕಾದ ಸಾಲನ್ನ ತಾವೇ ಬರೆದುಕೊಂಡರು.

ಆ ಫೈಲು ನನಗೆ ಮತ್ತೆ ನೆನಪಾಗಿದ್ದು ವರ್ಷಗಳಾದ ಮೇಲೆ, ಬೆಂಗಳೂರಿನ ಆಫೀಸಿನಲ್ಲಿ. ಕ್ಯಾನ್ಸರ್ ಸ್ಯಾಂಪಲ್‌ಗಳ ಜೀನ್ ಮಾಹಿತಿ ಸಂಗ್ರಹಿಸುವ ಒಬ್ಬ ಕ್ಲೈಂಟ್‌ಗೆ ನಾವು ಡೇಟಾ ಪೈಪ್‌ಲೈನ್ ಕಟ್ಟಿಕೊಡ್ತಿದ್ದೆವು. ಒಂದು ಟೇಬಲ್‌ನಲ್ಲಿ ಜೀನ್ ಹೆಸರುಗಳ ಎದುರಿಗೆ ಸೊನ್ನೆಯಿಂದ ಒಂದರವರೆಗಿನ ಅಂಕಿಗಳಿದ್ದವು. ಕಾಲಮ್ಮಿನ ಹೆಸರು ಮೆಥಿಲೇಶನ್. "ಈ ಜೀನ್‌ಗೆ 0.9 ಬಂದಿದೆ. ಜೀನ್ ಕೆಟ್ಟಿದೆ ಅಂತ ಅರ್ಥನಾ?" ಅಂತ ಕ್ಲೈಂಟ್ ಕಡೆಯ ವಿಜ್ಞಾನಿಯೊಬ್ಬರನ್ನ ಕೇಳಿದೆ. ಅವರು ನಕ್ಕು, "ಕೆಟ್ಟಿಲ್ಲ, ಪೂರ್ತಿ ಸರಿಯಾಗಿದೆ. ಅದನ್ನ ಓದೋಕೆ ಬಿಡ್ತಾ ಇಲ್ಲ, ಅಷ್ಟೇ" ಅಂದರು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕೋಡ್ ಡಿಲೀಟ್ ಆಗಿಲ್ಲ, ಯಾರೋ ಕಮೆಂಟ್ ಔಟ್ ಮಾಡಿದ್ದಾರೆ. ಆದ್ರೆ ಕಿತ್ತೂರಿನ ಕಡೆಯವನಾದ ನನಗೆ ಆ ಕ್ಷಣ ಹೊಳೆದದ್ದು ಬೇರೆ.

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಸಂತಾನ ಇರಲಿಲ್ಲ, ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕ ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿ, ಬಾಗಿಲಿಗೆ ತನ್ನ ಪಹರೆ ಇಟ್ಟ. ಶಾಲೆಯಲ್ಲಿ ನಾವೆಲ್ಲ ಇದನ್ನ ಬಾಯಿಪಾಠ ಮಾಡಿದವರೇ. ಆದ್ರೆ ಆ ಖಜಾನೆಯೊಳಗೆ ಏನೂ ಬದಲಾಗಿರಲಿಲ್ಲ ಅನ್ನೋದನ್ನ ನಾನು ಯಾವತ್ತೂ ಯೋಚಿಸಿರಲಿಲ್ಲ. ಒಂದು ನಾಣ್ಯವೂ ಕರಗಿರಲಿಲ್ಲ. ಅದರ ಒಡತಿ ಚೆನ್ನಮ್ಮ ಕೋಟೆಯ ಒಳಗೇ ಇದ್ದಳು. ಬಾಗಿಲ ಮೇಲೆ ಒಂದು ಮುದ್ರೆ, ಬಾಗಿಲ ಮುಂದೆ ಪಹರೆ. ಅಷ್ಟಕ್ಕೇ ಸಂಸ್ಥಾನದ ಕೈಕಾಲು ಕಟ್ಟಿಹೋಯ್ತು.

ನಮ್ಮ ಪ್ರತಿ ಜೀವಕೋಶದಲ್ಲೂ ಇಂಥ ಖಜಾನೆಗಳಿವೆ. ಕೆಲವು ಜೀನ್‌ಗಳ ಕೆಲಸವೇ ಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯೋದು. ಇವನ್ನ ಗಡ್ಡೆ ತಡೆಯುವ ಜೀನ್‌ಗಳು ಅನ್ನೋಣ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೋಸಿನ್ ಅನ್ನೋದಕ್ಕೆ ಮೀಥೈಲ್ ಎಂಬ ಪುಟ್ಟ ಗುಂಪು, ಅಂದ್ರೆ ಒಂದು ಇಂಗಾಲ ಮೂರು ಜಲಜನಕ, ಬಂದು ಅಂಟಿಕೊಳ್ಳುತ್ತೆ. ಜೀನಿನ ಶುರುವಿನಲ್ಲಿ ಹೀಗೆ ಒತ್ತೊತ್ತಾಗಿ ಅಂಟಿಕೊಂಡರೆ ಆ ಜೀನನ್ನ ಕೋಶ ಓದೋದು ಬಿಡುತ್ತೆ. ಇದು ಅರಗಿನ ಮುದ್ರೆ. ಇನ್ನು ಡಿಎನ್‌ಎ ದಾರ ಸುತ್ತಿಕೊಂಡಿರುವುದು ಹಿಸ್ಟೋನ್ ಎಂಬ ಉಂಡೆಗಳ ಮೇಲೆ. ಆ ಉಂಡೆಗಳ ಮೇಲಿನ ಅಸಿಟೈಲ್ ಗುಂಪನ್ನ ಕಿತ್ತರೆ ಸುತ್ತು ಬಿಗಿಯಾಗುತ್ತೆ, ಯಾರೂ ಹತ್ತಿರ ಬರೋಕಾಗಲ್ಲ. ಇದು ಪಹರೆ. ಅಕ್ಷರ ಬದಲಾಗದೆ ಓದು ಬದಲಾಗುವ ಈ ವಿದ್ಯೆಗೇ ಈಗ ಎಪಿಜೆನೆಟಿಕ್ಸ್ ಅನ್ನೋದು. ಹೆಸರು ಕೊಟ್ಟವನು ವ್ಯಾಡಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ, 1942ರಲ್ಲಿ. ಆಗ ಡಿಎನ್‌ಎಯ ಆಕಾರವೇ ಗೊತ್ತಿರಲಿಲ್ಲ.

ಮುದ್ರೆ ಬಿಡಿಸಬಹುದು ಅಂತ ಗೊತ್ತಾದದ್ದು ಮಾತ್ರ ಪೂರ್ತಿ ಆಕಸ್ಮಿಕ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಹೇಳ್ತೀನಿ, ಸಹಿಸಿಕೊಳ್ರಿ.

1964ರಲ್ಲಿ ಪ್ರಾಗ್ ನಗರದಲ್ಲಿ ಪಿಸ್ಕಾಲಾ ಮತ್ತು ಶೋರ್ಮ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅಜಾಸೈಟಿಡಿನ್ ಅನ್ನೋ ವಸ್ತು ತಯಾರಿಸಿದರು. ಸೈಟೋಸಿನ್ ಇರುವ ಅಸಲಿ ವಸ್ತುವಿನದೇ ರೂಪ, ಒಂದು ಇಂಗಾಲದ ಜಾಗದಲ್ಲಿ ಸಾರಜನಕ. ಕ್ಯಾನ್ಸರ್ ಕೋಶ ಇದನ್ನ ಅಸಲಿ ಅಂತ ನುಂಗಿ ಸಾಯಲಿ ಅನ್ನೋದು ಲೆಕ್ಕ. ಅಂದ್ರೆ ಅದು ಹುಟ್ಟಿದ್ದೇ ವಿಷವಾಗಿ. ಅದೇ 1964ರಲ್ಲಿ ನ್ಯೂಯಾರ್ಕಿನಲ್ಲಿ ಆಲ್‌ಫ್ರೀ ಅನ್ನುವವರು ಹಿಸ್ಟೋನಿನ ಅಸಿಟೈಲ್‌ಗೂ ಜೀನ್ ಓದಿಗೂ ಸಂಬಂಧ ಇದೆ ಅಂತ ಬರೆದರು. ಮುದ್ರೆ ಬಿಡಿಸುವ ಕೈ ಒಂದು ಊರಲ್ಲಿ, ಪಹರೆಯ ಸುಳಿವು ಇನ್ನೊಂದು ಊರಲ್ಲಿ, ಒಂದೇ ವರ್ಷ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕಾಗಿರಲಿಲ್ಲ.

ಅಜಾಸೈಟಿಡಿನ್ ರೋಗಿಗಳಿಗೆ ದೊಡ್ಡ ಡೋಸಿನಲ್ಲಿ ಕೊಟ್ಟರು, ಜನ ಸುಸ್ತಾದರು, ಅದು ಮೂಲೆ ಸೇರಿತು. ಆಮೇಲೆ ಪೀಟರ್ ಜೋನ್ಸ್ ಎಂಬ ಸಂಶೋಧಕ ಮತ್ತವರ ಜೊತೆಯವರು ಇಲಿಯ ಕೋಶಗಳ ಮೇಲೆ ಸ್ವಲ್ಪ ಅಜಾಸೈಟಿಡಿನ್ ಹಾಕಿ ಗಾಜಿನ ತಟ್ಟೆಯಲ್ಲಿ ಬಿಟ್ಟರು. ಅವು ಸ್ನಾಯುವಾಗುವ ಜಾತಿಯ ಕೋಶಗಳೇ ಅಲ್ಲ. ಕೆಲ ವಾರಗಳ ಮೇಲೆ ನೋಡಿದರೆ ತಟ್ಟೆಯಲ್ಲಿ ಸ್ನಾಯುಕೋಶ! 1977ರಲ್ಲಿ ಅದನ್ನ ಪ್ರಕಟಿಸಿದರು. ಯಾಕೆ ಹೀಗಾಯ್ತು ಅನ್ನೋದಕ್ಕೆ ಉತ್ತರ 1980ರಲ್ಲಿ ಜೋನ್ಸ್ ಮತ್ತು ಶರ್ಲಿ ಟೇಲರ್ ಬರೆದ ಪ್ರಬಂಧದಲ್ಲಿ ಸಿಕ್ಕಿತು.

ಉತ್ತರ ನಮ್ಮ ಕಚೇರಿ ಕಾರಕೂನನ ಕಥೆ ಇದ್ದಂಗೆ ಇದೆ. ಕೋಶ ಎರಡಾದಾಗ ಹೊಸ ಡಿಎನ್‌ಎ ಪ್ರತಿಯ ಮೇಲೂ ಹಳೇ ಮುದ್ರೆಗಳನ್ನ ಒತ್ತಬೇಕು. ಅದಕ್ಕೊಂದು ಕಿಣ್ವ ಇದೆ, ಅದೇ ಕಾರಕೂನ. ಹಳೇ ಪ್ರತಿ ನೋಡ್ತಾನೆ, ಹೊಸದರ ಮೇಲೆ ಠಪ್ ಅಂತ ಒತ್ತುತ್ತಾನೆ, ಮುಂದಕ್ಕೆ ಹೋಗ್ತಾನೆ. ಸಾಲಿನಲ್ಲಿ ಅಸಲಿ ಸೈಟೋಸಿನ್ ಬದಲು ನಕಲಿ ಕೂತಿದ್ದರೆ ಕಾರಕೂನನ ಕೈ ಅದಕ್ಕೇ ಅಂಟಿಕೊಂಡು ಬಿಡುತ್ತೆ, ಬರೋದೇ ಇಲ್ಲ. ಮುಂದಿನ ಕಾಗದಗಳು ಮುದ್ರೆ ಇಲ್ಲದೇ ದಾಟಿ ಹೋಗ್ತವೆ. ಎರಡು ಮೂರು ತಲೆಮಾರು ಕಳೆಯೋದರಲ್ಲಿ ಮುದ್ರೆಗಳು ವಿರಳವಾಗಿ, ಮುಚ್ಚಿದ್ದ ಜೀನ್ ಮತ್ತೆ ಬಾಯಿ ಬಿಡುತ್ತೆ. ಯಾರೂ ಬೀಗ ಒಡೆಯಲಿಲ್ಲ, ನೋಡ್ರಿ. ಬೀಗ ಹಾಕುವವನನ್ನ ಕೂಡಿಸಿಬಿಟ್ಟರು.

ಕ್ಯಾನ್ಸರ್‌ನಲ್ಲಿ ಗಡ್ಡೆ ತಡೆಯುವ ಜೀನ್‌ಗಳೇ ಹೀಗೆ ಮುದ್ರೆ ಬಿದ್ದು ಕೂತಿರ್ತವೆ ಅನ್ನೋದು ನಂತರದ ಮಾತು. 1989ರಲ್ಲಿ ಮಕ್ಕಳ ಕಣ್ಣಿನ ಗಡ್ಡೆಯಲ್ಲಿ ಮೊದಲ ಸುಳಿವು ಸಿಕ್ಕಿತು. 1995ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನವರು ಪಿ16 ಅನ್ನೋ ಜೀನ್ ಹಲವು ಕ್ಯಾನ್ಸರ್‌ಗಳಲ್ಲಿ ಮೀಥೈಲ್‌ನಿಂದ ಮುಚ್ಚಿಹೋಗಿರೋದನ್ನ ತೋರಿಸಿದರು, ಅಜಾಸೈಟಿಡಿನ್‌ನ ಸೋದರ ಔಷಧ ಹಾಕಿ ಅದನ್ನ ಮತ್ತೆ ಓಡುವಂತೆಯೂ ಮಾಡಿದರು. ಅಲ್ಲೇ ಸ್ಟೀಫನ್ ಬೇಲಿನ್ ಗುಂಪು 1999ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡಿತು. ಒತ್ತಾಗಿ ಮುದ್ರೆ ಬಿದ್ದ ಜೀನ್‌ನಲ್ಲಿ ಬರೀ ಪಹರೆ ತೆಗೆದರೆ ಉಪಯೋಗ ಇಲ್ಲ. ಮೊದಲು ಮುದ್ರೆ ಸಡಿಲಿಸಿ ಆಮೇಲೆ ಪಹರೆ ತೆಗೆದರೆ ಬಾಗಿಲು ಜೋರಾಗಿ ತೆರೆಯುತ್ತೆ.

ಮೂಲೆ ಸೇರಿದ್ದ ಹಳೇ ವಿಷ 2004ರಲ್ಲಿ ಔಷಧವಾಗಿ ವಾಪಸ್ ಬಂತು. ಎಂಡಿಎಸ್ ಎಂಬ ರಕ್ತದ ಕಾಯಿಲೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಸೋದರ ಔಷಧಕ್ಕೆ 2006ರಲ್ಲಿ. ಕೆಲಸ ಮಾಡಿದ್ದು ಹಳೇ ದೊಡ್ಡ ಡೋಸ್ ಅಲ್ಲ, ಸಣ್ಣ ಡೋಸ್, ಮತ್ತೆ ಮತ್ತೆ, ತಿಂಗಳುಗಟ್ಟಲೆ. ಕೋಶ ಸತ್ತರೆ ಮುದ್ರೆ ಬಿಡಿಸಿ ಏನು ಪ್ರಯೋಜನ? ಪ್ರಾಗ್‌ನ ಆ ಪ್ರಯೋಗಶಾಲೆಯಿಂದ ಇಲ್ಲಿಗೆ ನಲವತ್ತು ವರ್ಷ.

ಇಷ್ಟು ಓದಿದ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಹಾಗಾದ್ರೆ ಕಾಕಾನ ಲಿವರ್?

ಲಿವರ್ ಕ್ಯಾನ್ಸರ್‌ನಲ್ಲಿ ಮುದ್ರೆಗಳಿಗೆ ಬರವಿಲ್ಲ. ಪಿ16 ಇದೆ, ಆರ್‌ಎಎಸ್‌ಎಸ್‌ಎಫ್1ಎ ಇದೆ. 2001ರಲ್ಲಿ ಪರೀಕ್ಷಿಸಿದ 26 ಲಿವರ್ ಗಡ್ಡೆಗಳಲ್ಲಿ ಶೇ. 65ರಷ್ಟರಲ್ಲಿ ಎಸ್‌ಒಸಿಎಸ್1 ಅನ್ನೋ ಜೀನ್ ಮುಚ್ಚಿಹೋಗಿತ್ತು. ಅದನ್ನ ಮತ್ತೆ ಕೂಡಿಸಿದಾಗ ಕೋಶಗಳ ಬೆಳವಣಿಗೆ ತಗ್ಗಿತು. ಇನ್ನು ಮುದ್ರೆ ಒತ್ತಿಸುವವರು ಯಾರು? ಇಲ್ಲಿ ಬರುತ್ತೆ ಫೈಲಿನ ಎರಡನೇ ಸಾಲು. ಎಚ್‌ಬಿಎಸ್‌ಎಜಿ ಅಂದ್ರೆ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಗುರುತು. ಈ ವೈರಸ್ ದಶಕಗಟ್ಟಲೆ ಸದ್ದಿಲ್ಲದೆ ಲಿವರಿನಲ್ಲಿ ಕೂತಿರುತ್ತೆ. ಅದರ ಎಕ್ಸ್ ಅನ್ನೋ ಪ್ರೋಟೀನ್ ಆ ಕಾರಕೂನ ಕಿಣ್ವಗಳನ್ನ ಹೆಚ್ಚು ಮಾಡುತ್ತೆ ಅಂತ ಪ್ರಯೋಗಾಲಯಗಳಲ್ಲಿ ಕಂಡಿದೆ. ಥ್ಯಾಕರೆಗೂ ಧಾರವಾಡದಲ್ಲಿ ಕಚೇರಿ ಇತ್ತು, ಕಾರಕೂನರಿದ್ದರು. ಹೊರಗಿನವನು ಬಂದರೂ ಮುದ್ರೆ ಒತ್ತೋದು ಒಳಗಿನ ಸಿಬ್ಬಂದಿಯೇ.

ಹಾಗಾದ್ರೆ ಲಿವರಿಗೆ ಅಜಾಸೈಟಿಡಿನ್ ಕೊಟ್ಟರಾಯ್ತಲ್ಲ ಅನ್ನಬಹುದು. ನಾನೂ ಹಾಗೇ ಅಂದುಕೊಂಡೆ. ತೊಡಕು ಎಲ್ಲಿದೆ ಅಂದ್ರೆ, ಈ ಔಷಧವನ್ನ ಒಡೆದು ಹಾಕುವ ಕಿಣ್ವ ದಂಡಿಯಾಗಿ ಇರೋದೇ ಲಿವರಿನಲ್ಲಿ. ಮೈಗೆ ಬಂದ ಪರಕೀಯ ವಸ್ತುವನ್ನ ಪುಡಿ ಮಾಡೋದು ಲಿವರಿನ ಧರ್ಮ, ಬೀಗದ ಕೈ ಬಂದರೂ ಬಿಡಲ್ಲ. ಆ ಕಿಣ್ವಕ್ಕೆ ಜಗ್ಗದ ಗ್ವಾಡೆಸಿಟಬಿನ್ ಅಂತ ಒಂದು ಔಷಧ ಮಾಡಿ ಲಿವರ್ ಕ್ಯಾನ್ಸರ್ ರೋಗಿಗಳ ಮೇಲೂ ಪರೀಕ್ಷಿಸಿದರು. ಪಹರೆ ತೆಗೆಯುವ ಬೆಲಿನೊಸ್ಟಾಟ್, ರೆಸ್ಮಿನೊಸ್ಟಾಟ್‌ಗಳ ಪರೀಕ್ಷೆಯೂ ಆಯ್ತು. ಕೆಲವರಲ್ಲಿ ರೋಗ ಸ್ವಲ್ಪ ಕಾಲ ನಿಂತಿತು. ವೈದ್ಯರು ಲಿವರ್ ಕ್ಯಾನ್ಸರ್‌ಗೆ ಇದೇ ಮದ್ದು ಅಂತ ಬರೆದುಕೊಡುವ ಹಂತಕ್ಕೆ ಒಂದೂ ತಲುಪಲಿಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ದಾರಿ ಹಿಡಿದರು. ಮುದ್ರೆಯ ಗೊಡವೆ ಬಿಟ್ಟು, ಸಣ್ಣ ಆರ್‌ಎನ್‌ಎ ತುಣುಕು ಕಳಿಸಿ ಸಿಇಬಿಪಿಎ ಎಂಬ ಒಂದೇ ಜೀನನ್ನ ನೇರ ಎಬ್ಬಿಸೋದು. ಲಿವರ್ ಕೋಶ ಲಿವರ್ ಕೋಶವಾಗಿಯೇ ಇರೋದಕ್ಕೆ ಬೇಕಾದ ಯಜಮಾನ ಜೀನ್ ಅದು. ಮನುಷ್ಯರ ಮೇಲೆ ಅಂಥ ಔಷಧದ ಮೊದಲ ಪರೀಕ್ಷೆ ಅದೇ, ಅದೂ ಲಿವರ್ ಕ್ಯಾನ್ಸರ್‌ನಲ್ಲಿ. ನನಗೆ ಅದರ ಮೇಲೆ ಆಸೆ ಇದೆ. ಆಸೆ ಅಷ್ಟೇ.

ಇನ್ನೊಂದು ತೊಡಕಿದೆ, ಅದೂ ಕಿತ್ತೂರಿನದೇ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಗುಂಡಿಗೆ ಬಿದ್ದ, ಕೋಟೆ ನಮ್ಮವರ ಕೈಯಲ್ಲಿ ಉಳಿಯಿತು. ಪ್ರತಿ ವರ್ಷ ಆ ದಿನ ಕಿತ್ತೂರು ಉತ್ಸವ ಮಾಡ್ತೀವಿ. ಡಿಸೆಂಬರ್‌ನ ಉತ್ಸವ ಯಾರೂ ಮಾಡಲ್ಲ. ದೊಡ್ಡ ಸೈನ್ಯ ವಾಪಸ್ ಬಂತು, ಕೋಟೆ ಬಿತ್ತು, ಚೆನ್ನಮ್ಮನನ್ನ ನಮ್ಮ ಬೈಲಹೊಂಗಲದಲ್ಲಿ ಸೆರೆ ಇಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು. ಕೋಶದಲ್ಲೂ ಹೀಗೇ. ಔಷಧ ನಿಲ್ಲಿಸಿದರೆ ಕಾರಕೂನರು ವಾಪಸ್ ಬರ್ತಾರೆ, ಮುದ್ರೆಗಳು ಮತ್ತೆ ಬೀಳ್ತವೆ.

ನಮ್ಮ ಆಫೀಸಿನಿಂದ ಜಕ್ಕೂರು ದೂರ ಇಲ್ಲ. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಗೇಟಿನ ಮುಂದೆ ಎಷ್ಟೋ ಸಲ ಬೈಕಿನಲ್ಲಿ ಹೋಗಿದ್ದೆ, ಒಳಗೆ ಇದೇ ಕೆಲಸ ನಡೀತದೆ ಅಂತ ಗೊತ್ತಿರಲಿಲ್ಲ. ಮೈಸೂರಿನವರಾದ ಎಂ.ಆರ್.ಎಸ್. ರಾವ್ ಹಿಸ್ಟೋನ್‌ಗಳ ಮೇಲೆ ಜೀವಮಾನ ದುಡಿದವರು, ಆ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ಅಲ್ಲೇ ತಪಸ್ ಕುಂಡು ಅವರ ಗುಂಪು 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಹಿಸ್ಟೋನಿಗೆ ಅಸಿಟೈಲ್ ಹಚ್ಚುವ ಪಿ300 ಕಿಣ್ವವನ್ನ ತಡೆಯುತ್ತೆ ಅಂತ ತೋರಿಸಿತು. ಅದೇ ಆಮ್ಲವನ್ನ ಸ್ವಲ್ಪ ಬದಲಿಸಿದಾಗ ಸಿಕ್ಕ ಇನ್ನೊಂದು ವಸ್ತು ಅದೇ ಕಿಣ್ವವನ್ನ ಹುರಿದುಂಬಿಸಿತು! ಒಂದೇ ಸಿಪ್ಪೆಯಿಂದ ತಡೆಯುವುದೂ ಬಂತು, ತೆರೆಯುವುದೂ ಬಂತು. ಮರುವರ್ಷ ಮುರುಗಲಿನ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಸರದಿ. ಇಲ್ಲಿಗೆ ಓದು ನಿಲ್ಲಿಸಿ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ 'ಅರಿಶಿನ ತಿನ್ನಿ, ಕ್ಯಾನ್ಸರ್ ಓಡಿಸಿ' ಅಂತ ಹಾಕಬೇಡಿ, ದಯವಿಟ್ಟು. ಗಾಜಿನ ಕೊಳವೆಯಲ್ಲಿ ಶುದ್ಧ ವಸ್ತುವಿನ ಮೇಲೆ ಮಾಡಿದ ಕೆಲಸ ಅದು. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ.

ಮುದ್ರೆ ಬಿದ್ದ ಮೇಲೆ ಬಿಡಿಸೋದು ಇಷ್ಟು ಕಷ್ಟ. ಬೀಳದಂತೆ ನೋಡಿಕೊಳ್ಳೋದು ಅದಕ್ಕಿಂತ ಬಹಳ ಸುಲಭವಾಗಿತ್ತು ಅನ್ನೋದು ನನ್ನ ಹೊಟ್ಟೆ ಉರಿಸುವ ಭಾಗ. ತೈವಾನ್ 1984ರಲ್ಲೇ ಕೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿತು. ಹತ್ತು ವರ್ಷದಲ್ಲಿ ಅಲ್ಲಿನ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿಯಿತು. ನಮ್ಮಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇಡೀ ದೇಶಕ್ಕೆ ಬಂದದ್ದು 2011ರ ಸುಮಾರಿಗೆ. ಕಾಕಾನ ಕಾಲದಲ್ಲಿ ಊರಿಗೆ ಸೈಕಲ್ ಮೇಲೆ ಬರ್ತಿದ್ದ ಕಂಪೌಂಡರ ಜ್ವರ ಬಂದವರಿಗೆಲ್ಲ ಒಂದೇ ಗಾಜಿನ ಸಿರಿಂಜಿನಿಂದ ಸೂಜಿ ಚುಚ್ಚುತ್ತಿದ್ದ. ಈ ವೈರಸ್ ತಾಯಿಯಿಂದ ಕೂಸಿಗೆ, ರಕ್ತದಿಂದ, ಅಂಥ ಸೂಜಿಯಿಂದ ಬರುತ್ತೆ. ಮುಚ್ಚಿಟ್ಟು ಕುಡಿಯೋದರಿಂದ ಬರಲ್ಲ.

ಶೇಂಗಾದ ಮಾತೂ ಹೇಳಬೇಕು, ಯಾಕಂದ್ರೆ ಸವದತ್ತಿ, ರಾಮದುರ್ಗದ ಕಡೆಯವರು ಶೇಂಗಾ ಬಿಟ್ಟು ಊಟ ಮಾಡಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲೆ ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ವಿಷವೇ ಅಫ್ಲಾಟಾಕ್ಸಿನ್. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಗೋವಿನಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಈ ವಿಷ ಪಿ53 ಎಂಬ ಕಾವಲು ಜೀನಿನ ಒಂದು ನಿರ್ದಿಷ್ಟ ಜಾಗದಲ್ಲಿ ಅಕ್ಷರವನ್ನೇ ಬದಲಿಸುತ್ತೆ ಅಂತ 1991ರಲ್ಲಿ ಗೊತ್ತಾಯ್ತು. ಇದು ಖಜಾನೆಯ ಗೋಡೆಯನ್ನೇ ಒಡೆಯುವ ಕೆಲಸ. ಮುದ್ರೆ ಬಿಡಿಸುವ ಯಾವ ಔಷಧವೂ ಇದನ್ನ ಸರಿ ಮಾಡಲ್ಲ. ಒಬ್ಬನ ಲಿವರಿನಲ್ಲಿ ವೈರಸ್ಸೂ ಇದ್ದು ತಾಟಿನಲ್ಲಿ ಬೂಷ್ಟೂ ಇದ್ದರೆ ಅಪಾಯ ಹಲವು ಪಟ್ಟು.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ರಾಮದುರ್ಗದ ಕಡೆ ಊರೂರು ನುಗ್ಗಿದಾಗ ಚಿಗವ್ವನ ತವರುಮನೆಯಲ್ಲೂ ನೀರು ನಿಂತಿತ್ತು. ಅಲ್ಲಿಂದ ಎರಡು ಚೀಲ ನೆನೆದ ಶೇಂಗಾ ನಮ್ಮೂರಿಗೆ ಬಂದವು. ನಾನು ಆ ವಾರ ಊರಿಗೆ ಹೋಗಿದ್ದೆ. ಚಿಗವ್ವ ಅಂಗಳದಲ್ಲಿ ಹರವಿಕೊಂಡು ಕೂತು ಕಪ್ಪಾದವು, ಸುಕ್ಕಾದವು, ಹಸಿರು ಬೂಷ್ಟಿನವು ಅಂತ ಬೇರೆ ಮಾಡ್ತಿದ್ದಳು. ಕೆಟ್ಟವು ದನಕ್ಕೆ ಆಗ್ತಾವ ಅಂದಳು. ದನಕ್ಕೂ ಬ್ಯಾಡ, ಸುಟ್ಟುಬಿಡು ಅಂದೆ. ಯಾಕ ಅಂದಳು.

ಅಲ್ಲಿಂದ ಶುರುವಾಗಿ ಎಲ್ಲಾ ಹೇಳಿದೆ. ಕೋಳಿ, ಬೂಷ್ಟು, ವೈರಸ್, ಸೂಜಿ. ಪ್ರಾಗ್ ಬಿಟ್ಟೆ, ಕಿತ್ತೂರು ಬಿಡಲಿಲ್ಲ. ಕಾಕಾನ ಗಡ್ಡೆಯಲ್ಲಿ ಯಾವ ಜೀನಿಗೆ ಮುದ್ರೆ ಬಿದ್ದಿತ್ತೋ ಯಾರೂ ನೋಡಿಲ್ಲ, ಆದ್ರೆ ಫೈಲಿನ ಎರಡನೇ ಸಾಲು ಐತಿ ಅಂದೆ. ಅವಳು ಟ್ರಂಕಿನಿಂದ ಫೈಲು ತಂದು ಮುಂದಿಟ್ಟಳು. ಅಷ್ಟು ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇದರಾಗ ಕುಡದದ್ದು ಅಂತ ಎಲ್ಲೆರ ಬರದೈತೇನು?"

"ಇಲ್ಲ ಚಿಗವ್ವ. ಎಲ್ಲೂ ಇಲ್ಲ."

"ಮತ್ತ ನಮ್ಮ ಹುಡುಗಗ?"

ತಮ್ಮನ ರಕ್ತ ಪರೀಕ್ಷೆ ಮಾಡಿಸೋಣ, ಇಲ್ಲದಿದ್ದರೆ ಲಸಿಕೆ ಹಾಕಿಸೋಣ, ಇದ್ದರೂ ಈಗ ಗುಳಿಗೆ ಅದಾವ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿದರೆ ಮೊದಲೇ ಗೊತ್ತಾಗ್ತದ ಅಂದೆ. ತಲೆ ಹಾಕಿದಳು. ಮತ್ತೆ ಶೇಂಗಾ ಆರಿಸತೊಡಗಿದಳು. ಬಹಳ ಹೊತ್ತಿನ ಮೇಲೆ, ಮುಖ ಎತ್ತದೆ ಕೇಳಿದಳು:

"ತಮ್ಮಾ, ನೀ ಇವತ್ತ ರಾತ್ರಿ ಬೆಂಗಳೂರಿಗೆ ಹೊಂಟೀಯೇನು?"

"ಹೂಂ, ಟಿಕೆಟ್ ಆಗೈತಿ."

"ನಾಳಿ ನಿಮ್ಮ ದೊಡ್ಡಪ್ಪ ಬರ್ತಾರ. ಓಣ್ಯಾನ ಮಂದೀನೂ ಇರ್ತಾರ. ಅವರ ಮುಂದೂ ಒಮ್ಮೆ ಹೇಳು. ಆ ಖಜಾನಿದು ಬ್ಯಾಡ, ಸೂಜೀದು ಹೇಳು."

ಫೋನ್ ತೆಗೆದು ಟಿಕೆಟ್ ಕ್ಯಾನ್ಸಲ್ ಮಾಡಿ, ಮ್ಯಾನೇಜರ್‌ಗೆ ಒಂದು ದಿನ ರಜೆ ಅಂತ ಮೆಸೇಜ್ ಹಾಕಿದೆ. ಚಿಗವ್ವ ಕೆಟ್ಟ ಕಾಳಿನ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ನಡೆದಳು. ಕಡ್ಡಿಪೆಟ್ಟಿಗೆ ತಾ ಅಂದಳು.